ಗ್ಲಾಕೋಮಾ ಡ್ರಾಪ್ಸ್‌ನ ದಿನದ ಖರ್ಚು: ಒಂದೂವರೆ ವರ್ಷ ಹೋಲಿಸಿ ನೋಡಿದ್ದು

ನನ್ನ ಎರಡೂ ಕಣ್ಣುಗಳಲ್ಲಿ ಗ್ಲಾಕೋಮಾ ಇರುವುದು ಗೊತ್ತಾಗಿ ಆರು ವರ್ಷಗಳಾದವು. ರಾತ್ರಿ ಮಲಗುವ ಮುನ್ನ ಲಾಟಾನೊಪ್ರಾಸ್ಟ್ ಒಂದು ಹನಿ, ಬೆಳಿಗ್ಗೆ ಮತ್ತು ಸಂಜೆ ಟಿಮೊಲಾಲ್ ಒಂದೊಂದು ಹನಿ ಹಾಕಿಕೊಳ್ಳಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಕಣ್ಣಿನ ನರಕ್ಕೆ ಒಮ್ಮೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಉಳಿದಿರುವ ದೃಷ್ಟಿಯನ್ನು ಕಾಪಾಡಿಕೊಳ್ಳಲು ಒಳಗಿನ ಒತ್ತಡವನ್ನು ತಗ್ಗಿಸಿ ಇಡುವುದೊಂದೇ ದಾರಿ. ಹಾಗಾಗಿ ಈ ಖರ್ಚು ಬದುಕಿರುವಷ್ಟು ದಿನವೂ ಇರುವಂಥದ್ದು. ನಿವೃತ್ತಿಯಾಗಿ ಪಿಂಚಣಿಯ ಲೆಕ್ಕದಲ್ಲಿ ಮನೆ ನಡೆಸತೊಡಗಿದ ಮೇಲೆ, ಇದೇ ಔಷಧವನ್ನು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಕಂಪನಿಯದ್ದನ್ನು ಕೊಂಡು, ಸೀಸೆ ತೆರೆದ ದಿನ ಮತ್ತು ಮುಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಒಂದೂವರೆ ವರ್ಷ ಹೋಲಿಸಿ ನೋಡಿದೆ. ಪ್ರತಿ ಬದಲಾವಣೆಯನ್ನೂ ವೈದ್ಯರಿಗೆ ತಿಳಿಸಿಯೇ ಮಾಡಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಶುರುವಿನಲ್ಲಿ ನಾನು ಕೊಳ್ಳುತ್ತಿದ್ದುದು ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಸಿಗುವ, ಚೀಟಿಯಲ್ಲಿದ್ದ ಹೆಸರಿನ ಲಾಟಾನೊಪ್ರಾಸ್ಟ್ ಅನ್ನೇ. ಎರಡೂವರೆ ಮಿಲಿಲೀಟರಿನ ಆ ಪುಟ್ಟ ಸೀಸೆಗೆ 520 ರೂಪಾಯಿ. ಟಿಮೊಲಾಲ್‌ನ ಐದು ಮಿಲಿಲೀಟರ್ ಸೀಸೆಗೆ 72 ರೂಪಾಯಿ. ತಿಂಗಳಿಗೆ 592 ರೂಪಾಯಿ ಎಂದು ತೋರುತ್ತಿದ್ದರೂ ನಿಜವಾಗಿ ಹೆಚ್ಚೇ ಆಗುತ್ತಿತ್ತು, ಏಕೆಂದರೆ ನನ್ನ ಸೀಸೆ ಹದಿನೆಂಟು ಇಪ್ಪತ್ತು ದಿನಕ್ಕೇ ಬರಿದಾಗುತ್ತಿತ್ತು. ತಪ್ಪು ನನ್ನ ಕೈಯದು. ಒಂದು ಹನಿ ಸರಿಯಾಗಿ ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಹಾಕುತ್ತಿದ್ದೆ, ಅದು ಕೆನ್ನೆಯ ಮೇಲೆ ಇಳಿದರೆ ಮತ್ತೊಂದು ಹಾಕುತ್ತಿದ್ದೆ.

ಇದನ್ನು ತಿದ್ದಿದವರು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಹುಡುಗಿ. "ಸರ್, ಕಣ್ಣಿನಲ್ಲಿ ಒಂದು ಹನಿಗಿಂತ ಹೆಚ್ಚು ನಿಲ್ಲುವುದಕ್ಕೆ ಜಾಗವೇ ಇಲ್ಲ, ಎರಡನೆಯದು ಹೊರಗೇ ಹೋಗುತ್ತದೆ" ಎಂದು ಹೇಳಿ, ಕೆಳರೆಪ್ಪೆಯನ್ನು ಎಳೆದು ಜೇಬಿನಂತೆ ಮಾಡಿ ಅದರೊಳಗೆ ಒಂದೇ ಹನಿ ಬಿಡುವುದನ್ನೂ, ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿಯುವುದನ್ನೂ ಆಕೆ ತೋರಿಸಿಕೊಟ್ಟರು. ಹಾಗೆ ಒತ್ತಿದರೆ ಔಷಧ ಮೂಗಿನ ದಾರಿಯಾಗಿ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಟಿಮೊಲಾಲ್ ರಕ್ತಕ್ಕೆ ಸೇರಿ ಹೃದಯದ ಬಡಿತ ನಿಧಾನವಾಗುವ ಸಂಭವವೂ ಕಡಿಮೆಯಾಗುತ್ತದೆ. ಎರಡು ಬಗೆಯ ಔಷಧವಿದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಹನಿ ತಣ್ಣಗಿರುವುದರಿಂದ ಕಣ್ಣಿಗೆ ಬಿದ್ದದ್ದು ಥಟ್ಟನೆ ತಿಳಿಯುತ್ತದೆ ಎಂಬುದನ್ನೂ ಅವರೇ ಹೇಳಿದರು. ಮರುತಿಂಗಳಿನಿಂದ ಸೀಸೆ ಒಂದು ತಿಂಗಳು ಪೂರ್ತಿ ಬಂದಿತು. ಅಂಗಡಿ ಬದಲಿಸುವ ಮೊದಲು ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು, ಏಕೆಂದರೆ ಕೈ ತಪ್ಪುತ್ತಿರುವಾಗ ಯಾವ ಎರಡು ಸೀಸೆಗಳನ್ನೂ ಹೋಲಿಸಲು ಬರುವುದಿಲ್ಲ.

ಆಮೇಲೆ ಕಂಪನಿಗಳ ಹೋಲಿಕೆಗೆ ಬಂದೆ. ಅದೇ ಲಾಟಾನೊಪ್ರಾಸ್ಟ್, ಅದೇ 0.005 ಶೇಕಡಾ ಪ್ರಮಾಣ, ಬೇರೆ ಕಂಪನಿಯದ್ದು 310 ರೂಪಾಯಿಗೆ ಸಿಕ್ಕಿತು. 210 ರೂಪಾಯಿ ಉಳಿಯಿತೆಂದು ಸಂತೋಷಪಟ್ಟೆ. ಆದರೆ ಆ ಸೀಸೆಯ ಪ್ಲಾಸ್ಟಿಕ್ ಗಡುಸು, ತುದಿಯ ರಂಧ್ರ ದೊಡ್ಡದು. ಒತ್ತಿದರೆ ದಪ್ಪ ಹನಿ ಬೀಳುತ್ತಿತ್ತು, ಕೆಲವೊಮ್ಮೆ ಒಟ್ಟಿಗೆ ಎರಡು ಬೀಳುತ್ತಿದ್ದವು. 22 ದಿನಕ್ಕೆ ಖಾಲಿಯಾಯಿತು, ಅಂದರೆ ದಿನಕ್ಕೆ ಸುಮಾರು 14 ರೂಪಾಯಿ. ಮೊದಲಿನ ದುಬಾರಿ ಸೀಸೆಯಲ್ಲಿ ತಿಂಗಳಾದ ಮೇಲೂ ಔಷಧ ಉಳಿಯುತ್ತಿದ್ದರೂ, ತೆರೆದು ಒಂದು ತಿಂಗಳಾದ ಮೇಲೆ ಬಳಸಬಾರದೆಂದು ಲೇಬಲ್ಲಿನಲ್ಲಿ ಬರೆದಿರುವುದರಿಂದ ಅದನ್ನು ಎಸೆಯಲೇಬೇಕು. ಹಾಗೆ ಲೆಕ್ಕ ಹಾಕಿದರೆ ಅದರ ದಿನದ ಖರ್ಚು 17 ರೂಪಾಯಿ ಚಿಲ್ಲರೆ. ಬೆಲೆಚೀಟಿಯಲ್ಲಿ ಇವೆರಡರ ನಡುವೆ ನೂರಕ್ಕೆ ನಲವತ್ತರಷ್ಟು ಕಂಡ ಅಂತರ ದಿನದ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಕಡಿಮೆಯಾಯಿತು. ಮೂರನೆಯ ಕಂಪನಿಯ ಸೀಸೆಗೆ 345 ರೂಪಾಯಿ. ಮೆತ್ತಗಿನ ಸೀಸೆ, ಸಣ್ಣ ಹನಿ, ಮೂವತ್ತು ದಿನವೂ ಬಂದಿತು. ದಿನಕ್ಕೆ ಹನ್ನೊಂದೂವರೆ ರೂಪಾಯಿ. ಬೆಲೆಯಲ್ಲಿ ನಡುವಿನದಾದ ಇದೇ ಬಳಕೆಯಲ್ಲಿ ಎಲ್ಲಕ್ಕಿಂತ ಅಗ್ಗವಾಯಿತು, ಮತ್ತು ನಾನು ಈಗ ಬಳಸುತ್ತಿರುವುದೂ ಇದನ್ನೇ.

ಆನ್‌ಲೈನ್ ಔಷಧದಂಗಡಿಯಲ್ಲಿ ಮೊದಲಿನ ಕಂಪನಿಯ ಸೀಸೆಯೇ ನೂರಕ್ಕೆ ಹದಿನೆಂಟರಷ್ಟು ರಿಯಾಯಿತಿಯಲ್ಲಿ ಸಿಗುತ್ತಿತ್ತು. ಚಳಿಗಾಲದಲ್ಲಿ ಎರಡು ಸಲ ತರಿಸಿದೆ, ತೊಂದರೆಯಾಗಲಿಲ್ಲ. ಏಪ್ರಿಲ್‌ನಲ್ಲಿ ಬಂದ ಪೊಟ್ಟಣದಲ್ಲಿ ಐಸ್ ಪ್ಯಾಕ್ ಕರಗಿ, ಸೀಸೆ ಮುಟ್ಟಿದರೆ ಬೆಚ್ಚಗಿತ್ತು. ಸಾಮಾನ್ಯ ಲಾಟಾನೊಪ್ರಾಸ್ಟ್ ಅನ್ನು ತೆರೆಯುವವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೆಚ್ಚಗಾದ ಔಷಧ ಕೆಟ್ಟಿದೆಯೋ ಇಲ್ಲವೋ ಎಂಬುದು ನೋಡಿದರೆ ತಿಳಿಯುವುದಿಲ್ಲ, ಹಾಕಿಕೊಂಡರೂ ತಿಳಿಯುವುದಿಲ್ಲ. ನನಗಿರುವಂಥ ಗ್ಲಾಕೋಮಾದಲ್ಲಿ ಒತ್ತಡ ಏರಿದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲವಲ್ಲ. ಆ ಸೀಸೆಯನ್ನು ಹಿಂದಿರುಗಿಸಲು ಆಗದೆ ಬಿಸಾಡಿದೆ, ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಕೋಣೆಯ ಉಷ್ಣತೆಯಲ್ಲೇ ಇಡಬಹುದಾದ ಲಾಟಾನೊಪ್ರಾಸ್ಟ್ ಕೂಡ ನಮ್ಮಲ್ಲಿ ತಯಾರಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಅದನ್ನೇ ಬರೆದುಕೊಡುವಂತೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಜನೌಷಧಿ ಕೇಂದ್ರದ ಬಗ್ಗೆ ನನಗೆ ಗೌರವವಿದೆ. ಟಿಮೊಲಾಲ್ ಅಲ್ಲಿ ಹೊರಗಿನ ಬೆಲೆಯ ಅರ್ಧಕ್ಕೂ ಕಡಿಮೆಗೆ ಸಿಕ್ಕಿತು, ಹನಿಯೂ ಹದವಾಗಿ ಬೀಳುತ್ತದೆ. ಒಂದು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ಇನ್ನೊಂದು ಔಷಧವನ್ನೂ ಅಲ್ಲಿಂದಲೇ ಕೊಳ್ಳುವ ಆಸೆಯಿತ್ತು, ಆದರೆ ನಾನು ಹೋದಾಗಲೆಲ್ಲ ದಾಸ್ತಾನು ಇರಲಿಲ್ಲ. ಜನೌಷಧಿ ಸುಗಮ್ ಆ್ಯಪಿನಲ್ಲಿ ಔಷಧದ ಹೆಸರು ಮತ್ತು ಬೆಲೆಯನ್ನು ಹುಡುಕಬಹುದು, ಹತ್ತಿರದ ಕೇಂದ್ರವೂ ಅದರಲ್ಲಿ ಸಿಗುತ್ತದೆ. ಆದರೂ ಹೊರಡುವ ಮುನ್ನ ಫೋನ್ ಮಾಡಿ ಕೇಳುವುದೇ ಸರಿ. ಸೀಸೆ ಮುಗಿಯುವ ಹತ್ತು ದಿನ ಮೊದಲೇ ಕೇಳಿದರೆ, ಅಲ್ಲಿ ಇಲ್ಲದಿದ್ದಾಗ ಹೊರಗೆ ಕೊಳ್ಳಲು ಸಮಯವಿರುತ್ತದೆ.

ಎರಡೂ ಔಷಧಗಳು ಒಂದೇ ಸೀಸೆಯಲ್ಲಿರುವ ಡ್ರಾಪ್ಸ್ ಅನ್ನು ಎರಡು ತಿಂಗಳು ಬಳಸಿದೆ. ನಾನು ಕೊಂಡದ್ದಕ್ಕೆ 480 ರೂಪಾಯಿ, ದಿನಕ್ಕೆ ಒಂದೇ ಸಲ ಹಾಕಿದರೆ ಸಾಕು. ಹಳೆಯ 592 ರೂಪಾಯಿಗೆ ಹೋಲಿಸಿದರೆ ಅಗ್ಗ, ಈಗಿನ ನನ್ನ ಎರಡು ಸೀಸೆಗಳ ಸುಮಾರು 380 ರೂಪಾಯಿಗೆ ಹೋಲಿಸಿದರೆ ದುಬಾರಿ. ನನಗೆ ಮರೆವು ಕಡಿಮೆ, ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದು ಪ್ರತ್ಯೇಕ ಸೀಸೆಗಳಿಗೇ ಮರಳಿದೆ. ಆದರೆ ಬೆಳಗಿನ ಹನಿಯನ್ನು ಪದೇ ಪದೇ ಮರೆಯುವವರಿಗೆ, ಕೈ ನಡುಗುವವರಿಗೆ, ಇನ್ನೊಬ್ಬರಿಂದ ಹಾಕಿಸಿಕೊಳ್ಳಬೇಕಾದವರಿಗೆ ಆ ನೂರು ರೂಪಾಯಿಯನ್ನು ಕೊಡುವುದೇ ಲೇಸೆಂದು ನಾನು ತಿಳಿಯುತ್ತೇನೆ. ಟಿಮೊಲಾಲ್ ಒಂದೇ ಸಾಕು, ಅದೇ ಅಗ್ಗ ಎಂದು ಯಾರೂ ತಾವಾಗಿ ತೀರ್ಮಾನಿಸಬಾರದು. ಅಸ್ತಮಾ ಇರುವವರಿಗೆ, ನಾಡಿಬಡಿತ ನಿಧಾನವಾಗಿರುವವರಿಗೆ ಅದು ಅಪಾಯ ತರಬಲ್ಲದು.

ಲೇಸರ್ ಚಿಕಿತ್ಸೆಯನ್ನು ನಾನು ಮಾಡಿಸಿಲ್ಲ, ನನ್ನ ತಂಗಿ ಮಾಡಿಸಿಕೊಂಡಿದ್ದಾಳೆ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಉಳಿದವರಿಗೂ ಬರುವ ಸಂಭವ ಹೆಚ್ಚೆಂದು ಒತ್ತಾಯಿಸಿ ಅವಳನ್ನು ಪರೀಕ್ಷೆಗೆ ಕರೆದೊಯ್ದಿದ್ದೆ. ಅವಳದು ಆರಂಭದ ಹಂತ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲಿಗೇ ಎಸ್‌ಎಲ್‌ಟಿ ಎಂಬ (ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿಯನ್ನು ಸರಾಗಗೊಳಿಸುವ) ಲೇಸರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 74 ಮಂದಿಗೆ ಮೂರು ವರ್ಷವಾದರೂ ಡ್ರಾಪ್ಸ್ ಬೇಕಾಗಿರಲಿಲ್ಲ ಎಂಬುದನ್ನು ವೈದ್ಯರು ವಿವರಿಸಿದರು. ಒಂದೇ ಸಲಕ್ಕೆ ದೊಡ್ಡ ಮೊತ್ತ ಕೊಡಬೇಕಾಯಿತು, ಆದರೆ ಎರಡು ವರ್ಷದಿಂದ ಅವಳು ಹನಿಮದ್ದು ಕೊಂಡಿಲ್ಲ. ಲೇಸರ್‌ನ ಪರಿಣಾಮ ಕಾಲಕ್ರಮೇಣ ಇಳಿಯಬಹುದಾದ್ದರಿಂದ ತಪಾಸಣೆಯನ್ನು ಮಾತ್ರ ಅವಳು ತಪ್ಪಿಸುವುದಿಲ್ಲ.

ಕಂಪನಿ ಬದಲಿಸಿದ ಆರು ವಾರಗಳ ನಂತರ ನಾನು ಒತ್ತಡ ಅಳೆಸಿದೆ. ಮೊದಲು ಬಲಗಣ್ಣಿನಲ್ಲಿ 15, ಎಡಗಣ್ಣಿನಲ್ಲಿ 16 ಇದ್ದದ್ದು ಈಗ ಬಲದಲ್ಲಿ 16, ಎಡದಲ್ಲಿ 15 ಆಗಿತ್ತು. ವೈದ್ಯರು ಅದನ್ನು ಬರೆದುಕೊಂಡು, ಚೀಟಿಯಲ್ಲಿ ಕಂಪನಿಯ ಹೆಸರನ್ನು ಹೊಡೆದುಹಾಕಿ, ಔಷಧದ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದುಕೊಟ್ಟರು.