ಕಥೆಗಳು ಚೆನ್ನಾಗಿವೆ, ಉತ್ತರದ ಪುಟಗಳು ಬೇಡ

ಒಂಬತ್ತನೇ ಕ್ಲಾಸಿನ ಮಗಳಿಗೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ಇಂಗ್ಲಿಷ್ ವರ್ಕ್‌ಬುಕ್ ಇದು. ಹಳೆಯ ಸಣ್ಣಕಥೆಗಳಿಂದ ಒಂದೊಂದು ತುಣುಕು ಕೊಟ್ಟು, ಈ ಪಾತ್ರದ ಮನಸ್ಸಿನಲ್ಲಿ ಏನಿದೆ ಅಂತ ಕೇಳುತ್ತಾರೆ. 220 ರೂಪಾಯಿ. ಅಕ್ಷರ ದೊಡ್ಡದು, ಕಾಗದ ಪರವಾಗಿಲ್ಲ, ಬೈಂಡಿಂಗ್ ಮಾತ್ರ ಎರಡನೇ ವಾರಕ್ಕೇ ಬಾಯಿ ಬಿಟ್ಟಿದೆ.

ಆದರೆ ಕಥೆ ಆರಿಸಿದವರಿಗೆ ರುಚಿ ಗೊತ್ತು. ರಷ್ಯನ್ ಕಥೆಗಾರ ಚೆಕಾಫ್ 1886ರಲ್ಲಿ ಬರೆದ, ಇಂಗ್ಲಿಷಿನಲ್ಲಿ 'ಮಿಸರಿ' ಅಂತ ಬಂದಿರುವ ಕಥೆಯ ಶುರು ಇದರಲ್ಲಿದೆ. ಸಂಜೆ ಹೊತ್ತು, ಹಿಮ ಬೀಳುತ್ತಿದೆ. ಬಾಡಿಗೆ ಜಾರುಬಂಡಿ ಓಡಿಸುವ ಇಯೋನಾ ಬೆನ್ನು ಬಗ್ಗಿಸಿ ಕೂತಿದ್ದಾನೆ, ಅವನೂ ಬಿಳಿ, ಕುದುರೆಯೂ ಬಿಳಿ, ಹಿಮದ ದಿಬ್ಬವೇ ಮೈಮೇಲೆ ಬಿದ್ದರೂ ಕೊಡವಿಕೊಳ್ಳಬೇಕು ಅಂತ ಅವನಿಗೆ ಅನ್ನಿಸೋ ಹಾಗಿಲ್ಲ. ಪ್ರಶ್ನೆ: ಇಯೋನಾಗೆ ಏನನ್ನಿಸುತ್ತಿದೆ? ಹಿಂದೆ ತಿರುಗಿಸಿ ನೋಡಿದರೆ ಉತ್ತರ: 'ತುಂಬಾ ಚಳಿ'.

"ಅಪ್ಪಾ, ಚಳಿ ಆದೋನು ಹಿಮ ಕೊಡವಿಕೊಳ್ಳಲ್ವಾ?" ಅಂದಳು ಮಗಳು.

ಅಷ್ಟೇ ನೋಡಿ. ಆ ವಾರ ಇಯೋನಾನ ಮಗ ತೀರಿಹೋಗಿದ್ದಾನೆ ಅನ್ನೋದು ತುಣುಕಿನಲ್ಲಿಲ್ಲ, ಅವಳಿಗೆ ಗೊತ್ತೂ ಇರಲಿಲ್ಲ. ಆದರೂ ಅವನು ಏನು ಮಾಡುತ್ತಿಲ್ಲ ಅನ್ನೋದನ್ನ ನೋಡಿಯೇ ಹಿಡಿದಳು. ಉತ್ತರ ಬರೆದವರು ಹಿಮ ನೋಡಿದರು, ಚಳಿ ಅಂದರು, ಮುಂದಿನ ಪುಟಕ್ಕೆ ಹೋದರು.

ಇನ್ನೊಂದು ಬೇಜಾರು, ತುಣುಕನ್ನ ಬೇಗ ಕತ್ತರಿಸಿದ್ದಾರೆ. ಮುಂದೆ ಮೂವರು ಹುಡುಗರು ಹತ್ತಿ 20 ಕೊಪೆಕ್ (ರಷ್ಯದ ಚಿಲ್ಲರೆ ಕಾಸು) ಕೊಡ್ತೀವಿ ಅಂತಾರೆ. ಅದು ಸರಿಯಾದ ಬಾಡಿಗೆ ಅಲ್ಲ, ಆದರೂ ಅವನು ಚೌಕಾಸಿಗೆ ಇಳಿಯಲ್ಲ. ಹಿಂದೆ ಕೂತವರು ಬೈಯ್ತಾರೆ, ಇವನು ಹೀ ಹೀ ಅಂತ ನಗ್ತಾನೆ. ಬೈಗುಳವಾದರೂ ಸರಿ, ಮನುಷ್ಯರ ದನಿ ಕಿವಿಗೆ ಬೀಳ್ತಿದೆಯಲ್ಲ ಅಂತ. ಭಾವ ಊಹಿಸೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಕಥೆಯ ಕೊನೆಯನ್ನ ಬೇರೆ ಪಾಠದಲ್ಲಿ ಕೊಟ್ಟಿದ್ದಾರೆ, ಅದು ಮೆಚ್ಚುಗೆಯಾಯಿತು. ಕೇಳೋಕೆ ಯಾರೂ ಸಿಗದೆ ಇಯೋನಾ ಲಾಯದಲ್ಲಿ ಕುದುರೆಯ ಮುಂದೆ ನಿಂತು, ನಿನಗೊಂದು ಮರಿ ಇತ್ತು ಅಂದುಕೋ, ಅದು ಸತ್ತುಹೋಯ್ತು ಅಂದುಕೋ ಅಂತಾನೆ. 'ಮರಿಯ ಮಾತು ಯಾಕೆ ತೆಗೆದ?' ಅನ್ನೋ ಪ್ರಶ್ನೆಗೆ ಮಗಳು ಅರ್ಧ ಗಂಟೆ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಉತ್ತರದಲ್ಲಿ ಇರೋದು ಒಂದೇ ಪದ, 'ದುಃಖ'.

ಐದಕ್ಕೆ ಮೂರು ಸ್ಟಾರ್. ತಗೊಳ್ಳಿ, ಆದರೆ ಹಿಂದಿನ ಉತ್ತರದ ಹಾಳೆಗಳನ್ನ ಕಿತ್ತಿಟ್ಟು ಮಕ್ಕಳ ಕೈಗೆ ಕೊಡಿ. ಕೀಳೋದು ಕಷ್ಟ ಆಗಲ್ಲ, ಬೈಂಡಿಂಗ್ ಹಾಗಿದೆ.