ಮಡಿಕೇರಿಲಿ ನೀರು 96ಕ್ಕೇ ಕುದಿಯತ್ತೆ – ಸೈನ್ಸ್ ಮೇಳಕ್ಕೆ ಹೋಗಿ ಬಂದಿದ್ದು

ಫೆಬ್ರವರಿ ಕೊನೇಲಿ ಮಡಿಕೇರಿಲಿ ಒಂದು ಹಾಲಲ್ಲಿ ಸೈನ್ಸ್ ಮೇಳ ಇತ್ತು, ನೋಡೋದಲ್ಲ ಮಕ್ಕಳೇ ಮುಟ್ಟಿ ಮಾಡೋದು ಅಂತ ವಾಟ್ಸಾಪಲ್ಲಿ ಓಡಾಡ್ತಿತ್ತಲ್ವ, ಅದಕ್ಕೆ ಹೋಗಿದ್ವಿ. ಎಷ್ಟೋ ಜನ ಹೆಂಗಿತ್ತು ಹೆಂಗಿತ್ತು ಅಂತ ಕೇಳ್ತಿದಾರೆ, ಒಬ್ಬೊಬ್ರಿಗೆ ವಾಯ್ಸ್ ಮೆಸೇಜ್ ಹಾಕಿ ಸಾಕಾಯ್ತು, ಇಲ್ಲೇ ಬರೆದುಬಿಡ್ತೀನಿ. ಹೊರಗಿನಿಂದ ಬಂದ ತಂಡ, ಹೆಸರು ಬೇಡ ಬಿಡಿ, ಬೈಯೋದೂ ಇದೆ ಹೊಗಳೋದೂ ಇದೆ.

ಹೋಗಿದ್ದು ನಾನು, ಐದನೇ ಕ್ಲಾಸಿನ ಮಗಳು, ಏಳನೇ ಕ್ಲಾಸಿನ ಅಕ್ಕನ ಮಗ (ಎಲ್ಲಾ ಗೊತ್ತು ಅನ್ನೋ ಗಿರಾಕಿ), ಮತ್ತೆ ನಮ್ಮತ್ತೆ. ಅತ್ತೆಗೆ ಸೈನ್ಸೂ ಬೇಕಿರ್ಲಿಲ್ಲ ಏನೂ ಬೇಕಿರ್ಲಿಲ್ಲ, ಶುಗರ್ ಮಾತ್ರೆ ಮುಗಿದಿತ್ತು, ಹೆಂಗೂ ಮಡಿಕೇರಿಗೆ ಹೋಗ್ತೀರಲ್ಲ ಅಂತ ಕಾರು ಹತ್ತಿದ್ರು. ಕೊನೆಗೆ ಅವತ್ತಿನ ಹೀರೋಯಿನ್ ಅವರೇ ಆದ್ರು, ಅದು ಆಮೇಲೆ ಹೇಳ್ತೀನಿ. ಟಿಕೆಟ್ ತಲೆಗೆ 60, ಅಜ್ಜಿಯಂದ್ರಿಗೆ ಫ್ರೀ.

ಫೆಬ್ರವರಿ 28 ವಿಜ್ಞಾನ ದಿನ, 1928ರಲ್ಲಿ ಅವತ್ತು ರಾಮನ್ ಅವರ ಎಫೆಕ್ಟ್ ಸಿಕ್ಕಿದ್ದು, ಹಂಗಾಗಿ ಅದರ ಹಿಂದೆ ಮುಂದೆ ಇಂಥವು ಬರ್ತಾ ಇರ್ತಾವೆ, ಆದ್ರೆ ಮೈಸೂರಿಗೋ ಬೆಂಗಳೂರಿಗೋ ಬಂದು ಹೋಗ್ತಾವೆ, ಘಾಟಿ ಹತ್ತೋದು ಕಮ್ಮಿ. ನಮ್ ಮಕ್ಳಿಗೆ ಸೈನ್ಸ್ ಮ್ಯೂಸಿಯಂ ಅಂದ್ರೆ ಸ್ಕೂಲ್ ಟೂರಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ, ಒಂದು ಗಂಟೆ ಓಡಾಡಿ ಸಿಕ್ಕ ಸಿಕ್ಕ ಬಟನ್ ಒತ್ತಿ ಬಸ್ ಹತ್ತೋದು. ಮ್ಯೂಸಿಯಂ ಚೆನ್ನಾಗೇ ಇದೆ, ಟೂರಿನೋರು ಬಿಡಲ್ಲ ಅಷ್ಟೆ. ಇಲ್ಲಿ ಹತ್ತು ಟೇಬಲ್, ಒಂದೊಂದರಲ್ಲೂ ಒಬ್ಬೊಬ್ಬ ಕಾಲೇಜು ಹುಡುಗ ಇಲ್ಲ ಹುಡುಗಿ, ಗುಂಪು ಮಾಡಿ ಕೂರಿಸ್ತಾರೆ, ಏಳು ನಿಮಿಷಕ್ಕೆ ಒಂದು ವಿಷಲ್. ವಿಷಲ್ ಆದ್ರೆ ಏಳಬೇಕು, ಮುಂದಿನ ಟೇಬಲ್. ನನ್ನ ಮೇನ್ ಕಂಪ್ಲೇಂಟೇ ಈ ವಿಷಲ್. ಕಬಡ್ಡಿ ಆಡಿಸ್ತಿದಾರಾ ಇವರು?

ಮೊದಲನೇ ಟೇಬಲ್ ಆಟಿಕೆದು. ಅರವಿಂದ ಗುಪ್ತಾ ಅವರ ಕಸದಿಂದ ಮಾಡೋ ಆಟಿಕೆಗಳು ಇದಾವಲ್ಲ, ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೇ ಪೆನ್ನು, ಆ ತರದ್ದು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿದೆ, ಎಲ್ಲಾ ಅವರ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗತ್ತೆ, ಟಿಕೆಟ್ ಕೊಡಕ್ಕಾಗದೋರು ಮನೇಲೇ ಮಾಡ್ಬಹುದು. ಮಗಳು ಸ್ಟ್ರಾ ಪೀಪಿ ಮಾಡಿದ್ಲು. ಸ್ಟ್ರಾ ತುದಿ ಹಲ್ಲಲ್ಲಿ ಕಚ್ಚಿ ಚಪ್ಪಟೆ ಮಾಡಿ, ಎರಡೂ ಮೂಲೆ ಓರೆಯಾಗಿ ಕತ್ತರಿಸಿ ಊದಿದ್ರೆ ಬಾತುಕೋಳಿ ತರ ಕೂಗತ್ತೆ, ಊದ್ತಾ ಊದ್ತಾ ಇನ್ನೊಂದು ತುದಿ ಕತ್ತರೀಲಿ ತುಂಡು ತುಂಡು ಕತ್ತರಿಸ್ತಾ ಬಂದ್ರೆ ಸದ್ದು ಸಣ್ಣಗಾಗ್ತಾ ಸಣ್ಣಗಾಗ್ತಾ ಮೇಲೆ ಹೋಗತ್ತೆ. ಮೂಗಿನ ತುದಿಗೆ ಬರೋ ತನಕ ಕತ್ತರಿಸಿದ್ಲು. ಯಾಕೆ ಅಂತ ಯಾರೂ ಹೇಳಿಕೊಡ್ಲಿಲ್ಲ, ಅವಳೇ "ಉದ್ದ ಇದ್ರೆ ದಪ್ಪ ಸ್ವರ" ಅಂದ್ಲು. ಈ ಟೇಬಲ್‌ಗೆ ಫುಲ್ ಮಾರ್ಕ್ಸ್.

ಜ್ವಾಲಾಮುಖಿ ಟೇಬಲ್ ದಂಡ. ಸೋಡಾ ಪುಡಿ, ವಿನೆಗರ್, ಉಕ್ಕಿತು, ಚಪ್ಪಾಳೆ. ಅದನ್ನೂ ವಾಲಂಟಿಯರೇ ಸುರಿದ, ಮಕ್ಳು ಕೈ ಕಟ್ಕೊಂಡು ನೋಡಿದ್ರು. ಅಕ್ಕನ ಮಗ ಕಾಚಂಪುಳಿ (ನಮ್ಮ ಕೊಡಗಿನ ಅಡಿಗೇಲಿ ಹಾಕೋ ಕಪ್ಪು ಹುಳಿ) ಹಾಕಿದ್ರೂ ಉಕ್ಕತ್ತಾ ಅಂತ ಕೇಳಿದ, ಆ ಹುಡುಗನಿಗೆ ಕಾಚಂಪುಳಿ ಅಂದ್ರೇನು ಅಂತಾನೇ ಗೊತ್ತಿಲ್ಲ, ಅಷ್ಟರಲ್ಲಿ ವಿಷಲ್. (ಉಕ್ಕತ್ತೆ. ಮನೆಗೆ ಬಂದು ಮಕ್ಳು ಅತ್ತೆ ಕಣ್ಣು ತಪ್ಪಿಸಿ ಒಂದು ಚಮಚ ಹಾಕಿ ನೋಡಿದ್ರು, ಕಂದು ಬಣ್ಣದ ನೊರೆ ಕಟ್ಟೆ ತುಂಬಾ. ಕಾಚಂಪುಳಿ ರೇಟು ಗೊತ್ತಿರೋರಿಗೆ ಮುಂದಿನದು ಹೇಳ್ಬೇಕಾಗಿಲ್ಲ.)

ಈಗ ಕುದಿಯೋ ನೀರಿನ ಟೇಬಲ್. ಐಸ್ ಕರಗಿಸಿ, ಬಿಸಿ ಮಾಡಿ, ಕುದಿಸಿ, ಥರ್ಮಾಮೀಟರ್ ನೋಡಿ ಶೀಟಲ್ಲಿ ಬರೀಬೇಕು. ಬೀಕರ್ ಇತ್ತು, ಸ್ಪಿರಿಟ್ ದೀಪ ಇತ್ತು, ಥರ್ಮಾಮೀಟರ್ ಬುಡಕ್ಕೆ ತಾಗಿಸ್ಬಾರ್ದು ನೀರಲ್ಲೇ ತೂಗು ಬಿಡಬೇಕು ಅಂತ ಆ ಹುಡುಗಿ ಚೆನ್ನಾಗೇ ಹೇಳಿಕೊಟ್ಲು. ಆದ್ರೆ ಶೀಟಲ್ಲಿ ನೀರು ಕುದಿಯೋ ಬಿಂದು ಅನ್ನೋ ಕಡೆ ಮೊದಲೇ 100 ಅಂತ ಪ್ರಿಂಟ್ ಹಾಕ್ಬಿಟ್ಟಿದಾರೆ! ಮಕ್ಳು ಪಕ್ಕದಲ್ಲಿ ಟಿಕ್ ಹಾಕಿದ್ರೆ ಸಾಕು. ನಮ್ಮವಳು ಹಠಮಾರಿ, ಬಗ್ಗಿ ಬಗ್ಗಿ ನೋಡಿದ್ಲು, ನೀರು ತಕಪಕ ಕುದೀತಿದೆ, ಕಡ್ಡಿ 96ಕ್ಕೆ ಬಂದು ನಿಂತಿದೆ. ಇನ್ನೂ ಕಾದ್ಲು. ಅಲ್ಲೇ ಇದೆ. 100 ಹೊಡೆದು ಹಾಕಿ 96 ಅಂತ ಬರೆದ್ಲು.

"ಪುಟ್ಟಾ, ಥರ್ಮಾಮೀಟರ್ ಸರಿ ಇಲ್ಲ, 100 ಅಂತಾನೇ ಬರಿ" ಅಂದ್ಲು ಆ ಹುಡುಗಿ. ಇನ್ನೊಂದು ಥರ್ಮಾಮೀಟರ್ ತಂದ್ರು, ಅದೂ 96. ಮೂರನೇದೂ ಅಷ್ಟೇ. ಅಕ್ಕನ ಮಗ "ಮೂರೂ ಒಂದೇ ತರ ಹಾಳಾಗತ್ತಾ ಅಕ್ಕಾ?" ಅಂತ ಕೇಳಿದ, ಅವನ ಜೀವಮಾನದಲ್ಲಿ ಕೇಳಿದ ಒಳ್ಳೇ ಪ್ರಶ್ನೆ ಅದು. ವಿಷಲ್ ಹೊಡೀತು, ಯಾರೂ ಏಳ್ಲಿಲ್ಲ.

ಅಷ್ಟೊತ್ತು ಹಿಂದೆ ಪ್ಲಾಸ್ಟಿಕ್ ಕುರ್ಚೀಲಿ ಕೂತಿದ್ದ ನಮ್ಮತ್ತೆ ಮೆಲ್ಲಗೆ "ಇಲ್ಲಿ ನೀರಿಗೆ ಶಕ್ತಿ ಕಮ್ಮಿ" ಅಂದ್ರು. ಎಲ್ಲಾರೂ ತಿರುಗಿ ನೋಡಿದ್ವಿ. ಅತ್ತೆ ತವರು ಸುಳ್ಯ ಕಡೆ. ಮದುವೆಯಾಗಿ ಘಟ್ಟ ಹತ್ತಿ ಬಂದ ಹೊಸದ್ರಲ್ಲಿ ಇವರು ಇಟ್ಟ ಅನ್ನ ಬೇಯ್ತಾನೇ ಇರ್ಲಿಲ್ವಂತೆ, ಸುಳ್ಯದಲ್ಲಿ ಎಷ್ಟೊತ್ತು ಬೇಯಿಸ್ತಿದ್ರೋ ಅಷ್ಟೇ ಬೇಯಿಸಿದ್ರೂ ಅಗುಳು ಗಟ್ಟಿ, ಹುಡುಗಿಗೆ ಅನ್ನ ಮಾಡಕ್ಕೂ ಬರಲ್ಲ ಅಂತ ಅವರತ್ತೆ ಹತ್ರ ಬೈಸ್ಕೊಂಡು ಒಲೆ ಮುಂದೆ ಕೂತು ಅತ್ತಿದ್ರಂತೆ. ಹದಿನೈದು ವರ್ಷದಿಂದ ಇವರ ಜೊತೆ ಒಂದೇ ಅಡಿಗೆಮನೇಲಿ ಇದೀನಿ, ಈ ಕಥೆ ನನಗೂ ಗೊತ್ತಿರ್ಲಿಲ್ಲ!

ಆ ವಾಲಂಟಿಯರ್ ಹುಡುಗಿ ಒಂದು ನಿಮಿಷ ಸುಮ್ಮನಿದ್ದು "ಅಯ್ಯೋ, ಹೈಟು!" ಅಂತ ಹಣೆ ಚಚ್ಕೊಂಡ್ಲು. ಮಡಿಕೇರಿ ಸಮುದ್ರಮಟ್ಟಕ್ಕಿಂತ ಹತ್ರತ್ರ 1150 ಮೀಟರ್ ಮೇಲಿದೆ, ಮೇಲೆ ಹೋದಂಗೆ ಗಾಳಿ ಒತ್ತಡ ಕಮ್ಮಿ, ಒತ್ತಡ ಕಮ್ಮಿ ಆದ್ರೆ ನೀರು ಬೇಗ ಕುದಿಯತ್ತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯತ್ತೆ, ಅಲ್ಲಿಗೆ ಸರಿಯಾಗಿ 96. ಬೇಗ ಕುದಿಯತ್ತೆ ಆದ್ರೆ ಆ ಕುದಿಯೋ ನೀರು ಅಷ್ಟು ಬಿಸಿ ಇಲ್ಲ, ಅದಕ್ಕೆ ಅಕ್ಕಿ ಬೇಯೋದು ಲೇಟು. ಕುಕ್ಕರ್ ಮುಚ್ಚಳ ಹಾಕಿದ್ರೆ ಒಳಗೆ ಒತ್ತಡ ಏರಿ ನೀರು 120 ಡಿಗ್ರಿ ಹತ್ರಕ್ಕೆ ಹೋಗತ್ತೆ. "ಕುಕ್ಕರ್ ಬಂದ್ಮೇಲೆ ಬೈಗುಳ ನಿಂತಿದ್ದು ಹೌದು" ಅಂದ್ರು ಅತ್ತೆ. ಆ ಹುಡುಗಿ ಉಳಿದ ಶೀಟಲ್ಲೆಲ್ಲಾ ಪೆನ್ನಲ್ಲಿ 100 ಹೊಡೆದು ಹಾಕ್ತಾ ಕೂತ್ಲು, ಅದಕ್ಕೆ ಅವಳಿಗೊಂದು ಸಲಾಂ, ಎಷ್ಟು ಜನ ಒಪ್ಕೋತಾರೆ ಹೇಳಿ. ಆದ್ರೆ ಶೀಟ್ ಪ್ರಿಂಟ್ ಮಾಡ್ಸಿದ ದೊಡ್ಡೋರಿಗೆ ಒಂದು ಮಾತು, ಬೆಟ್ಟದ ಮೇಲಿನ ಊರಿಗೆ ಹೋಗ್ತಿದೀವಿ ಅಂತ ನೆನಪಿರ್ಲಿಲ್ವಾ? ಕೈಯಲ್ಲಿ ಮಾಡಿ ನೋಡಿ ಅಂತ ಬ್ಯಾನರ್ ಹಾಕಿ ಉತ್ತರ ಮೊದಲೇ ಅಚ್ಚು ಹಾಕೋದು ಯಾವ ಸೀಮೆ ಸೈನ್ಸು.

ಇನ್ನೊಂದು ಭಾರೀ ಇಷ್ಟ ಆಗಿದ್ದು ಫೋಲ್ಡ್‌ಸ್ಕೋಪ್. ಪೇಪರ್ ಮಡಚಿ ಮಾಡೋ ಮೈಕ್ರೋಸ್ಕೋಪು, ಮಣಿಯಷ್ಟು ಲೆನ್ಸ್, ಸುಮಾರು 140 ಪಟ್ಟು ದೊಡ್ಡದು ಕಾಣತ್ತೆ, ಅಮೆರಿಕದ ಸ್ಟ್ಯಾನ್‌ಫೋರ್ಡಲ್ಲಿ ಮನು ಪ್ರಕಾಶ್ ಅಂತ ನಮ್ಮ ದೇಶದವರೇ ಅವರ ತಂಡದ ಜೊತೆ ಮಾಡಿದ್ದು. ಮನೆಯಿಂದ ಏನಾದ್ರೂ ತನ್ನಿ ಅಂದಿದ್ರು, ಮಾವ ಅರೇಬಿಕಾ ಕಾಫಿ ಎಲೆ ಒಂದು ಕಿತ್ತು ಪೇಪರಲ್ಲಿ ಸುತ್ತಿ ಕೊಟ್ಟಿದ್ರು, ಎಲೆ ತುಕ್ಕು ರೋಗ ಹಿಡಿದಿದ್ದು. ಹಿಂದುಗಡೆ ಅರಿಶಿನಕ್ಕಿಂತ ಕೆಂಪಗಿನ ಪುಡಿ ಇರತ್ತಲ್ಲ, ಅದನ್ನ ಸೆಲ್ಲೋಟೇಪಲ್ಲಿ ಒತ್ತಿ ತೆಗೆದು ಲೆನ್ಸ್ ಕೆಳಗೆ ಇಟ್ರು. ಪುಡಿಯಲ್ಲ ಕಣ್ರೀ ಅದು, ಬೂಷ್ಟಿನ ಬೀಜ! ಒಂದೊಂದೂ ನಮ್ಮ ಕೊಡಗಿನ ಕಿತ್ತಳೆ ತೊಳೆ ತರಾನೇ ಇದೆ, ಆಕಾರ ಬಣ್ಣ ಎರಡೂ. ಆ ಬೂಷ್ಟಿನ ಹೆಸರು ಹೆಮಿಲಿಯಾ, ಅಂದ್ರೆ ಅರ್ಧ ನುಣುಪು ಅಂತ, ತೊಳೆಯ ಬೆನ್ನಲ್ಲಿ ಮುಳ್ಳು ಇನ್ನೊಂದು ಕಡೆ ನುಣ್ಣಗೆ, ಅದಕ್ಕೆ ಆ ಹೆಸರು. 1869ರಲ್ಲಿ ಸಿಲೋನಲ್ಲಿ ಕಾಣಿಸ್ಕೊಂಡು ಅಲ್ಲಿನ ಕಾಫಿ ತೋಟನೆಲ್ಲಾ ಹಾಳು ಮಾಡಿದ್ದು ಇದೇ, ಆಮೇಲೆ ಅವರು ಟೀ ಹಾಕ್ಕೊಂಡ್ರು. ಎಲೆಯ ಉಸಿರಾಡೋ ತೂತು ಹಿಂದುಗಡೆ ಇರೋದು, ಬೂಷ್ಟು ಅಲ್ಲಿಂದಲೇ ಒಳಗೆ ಹೋಗೋದು ಅಂದಾಗ ಮಗಳು "ಅದಕ್ಕೇ ತಾತ ಬೋರ್ಡೋ ಕೆಳಗಿಂದ ಮೇಲಕ್ಕೆ ಹೊಡ್ಸೋದಾ" ಅಂದ್ಲು (ಬೋರ್ಡೋ ಅಂದ್ರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ). ಮಾವನಿಗೆ ಫೋನ್ ಮಾಡಿ ಹೇಳಿದ್ವಿ, ನಲವತ್ತು ವರ್ಷ ಇದಕ್ಕೆ ಮೈಲುತುತ್ತ ಸುರಿದಿದೀನಿ ಮುಖ ನೋಡಿಲ್ಲ, ಫೋಟೋ ಕಳ್ಸು ಅಂದ್ರು. ಮೊಬೈಲ್ ಕ್ಯಾಮೆರಾ ಲೆನ್ಸಿಗೆ ಒತ್ತಿ ಹಿಡಿದು ತೆಗೀಬಹುದು, ಸ್ವಲ್ಪ ಅಲುಗಿತ್ತು ಆದ್ರೂ ಬಂತು.

ಮಣ್ಣಿನ ಟೇಬಲ್ ಬಗ್ಗೆ ಹೇಳ್ಬೇಕು. ಎರಡು ಬಾಟ್ಲಿ ಅಡ್ಡ ಕತ್ತರಿಸಿ ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ರಾಗಿ ಪೈರು ಬೆಳೆಸಿದಾರೆ, ಎರಡಕ್ಕೂ ಒಂದೇ ಅಳತೆ ನೀರು, ಒಂದರಿಂದ ಕೆಂಪು ರಾಡಿ ಇನ್ನೊಂದರಿಂದ ತಿಳಿ ನೀರು. ಬೇರೆ ಊರಲ್ಲಿ ಇದು ಆಟ, ಇಲ್ಲಿ ಆ ಕೆಂಪು ನೀರು ಇಳಿಯೋವಾಗ ಟೇಬಲ್ ಸುತ್ತ ದೊಡ್ಡೋರು ಯಾರೂ ಮಾತಾಡ್ಲಿಲ್ಲ. ವಾಲಂಟಿಯರ್ "ಗಿಡ ಇದ್ರೆ ಗುಡ್ಡ ಕುಸಿಯಲ್ಲ" ಅಂತ ಬಾಯಿಪಾಠ ಒಪ್ಪಿಸಿದ. ಗುಡ್ಡ ಕುಸಿತ ಕಂಡ ಮಕ್ಕಂದೂರು ಕಡೆಯವರು ಒಬ್ರು ನಿಂತಿದ್ರು, "2018ರ ಆಗಸ್ಟಲ್ಲಿ ಮರದ ಸಮೇತ ಬಂತಪ್ಪ" ಅಂದ್ರು ಅಷ್ಟೆ. ಈ ಬಾಟ್ಲಿ ತೋರಿಸೋದು ಮೇಲ್ಮಣ್ಣು ಕೊಚ್ಚಿ ಹೋಗೋದನ್ನ, ಅದು ನಿಜಾನೇ. ಗುಡ್ಡ ಜಾರೋದು ಬೇರೆ ಲೆಕ್ಕ, ದಿನಗಟ್ಲೆ ಮಳೆ ಕುಡಿದು ಒಳಗಡೆ ಮಣ್ಣು ಭಾರ ಆಗಿ, ಬುಡದಲ್ಲಿ ರೋಡಿಗೋ ಮನೆಗೋ ಕಡಿದಿದ್ರೆ ಹಿಡ್ಕೊಳ್ಳಕ್ಕೆ ಏನೂ ಇಲ್ಲ. ಎರಡನ್ನೂ ಒಂದೇ ಮಾಡಿ ಹೇಳ್ಬಾರ್ದು, ಅದೂ ಕೊಡಗಿಗೆ ಬಂದು.

ನಗು ಬಂದಿದ್ದು ಗಾಳಿ ತುಂಬೋ ತಾರಾಲಯದಲ್ಲಿ. ಅದಕ್ಕೆ ಬೇರೆ 50 ರೂಪಾಯಿ. ದೊಡ್ಡ ಕಪ್ಪು ಗುಡಾರ, ಫ್ಯಾನ್ ಗಾಳೀಲಿ ಉಬ್ಬಿ ನಿಂತಿರತ್ತೆ, ಒಳಗೆ ಮಲ್ಕೊಂಡು ನಕ್ಷತ್ರ ನೋಡೋದು. ಏಪ್ರಿಲ್ ಕೊನೇಲಿ ಒಂದಿನ, ಆಗಸ್ಟಲ್ಲಿ ಒಂದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇರಲ್ಲ ಅಂತ ಹೇಳ್ತಿದ್ರು, ಯಾರೋ ಕತ್ತಲಲ್ಲಿ "ಆಗಸ್ಟಲ್ಲಿ ನಮ್ಗೆ ಸೂರ್ಯನೇ ಇರಲ್ಲ ಸಾರ್" ಅಂದ್ರು, ಎಲ್ಲಾ ನಗ್ತಾ ಇರೋವಾಗ್ಲೇ ಕರೆಂಟ್ ಹೋಯ್ತು. ಫ್ಯಾನ್ ನಿಂತು ಆಕಾಶ ಮೆಲ್ಲಗೆ ಬಂದು ನಮ್ ತಲೆ ಮೇಲೆ ಕೂತ್ಕೊಳ್ತು. ಜನರೇಟರ್ ಇಲ್ಲ. ಮಡಿಕೇರಿಗೆ ಜನರೇಟರ್ ಇಲ್ದೆ ಬಂದಿದಾರೆ ಅಂದ್ರೆ! ತೆವಳ್ಕೊಂಡು ಹೊರಗೆ ಬಂದ್ವಿ, ದುಡ್ಡು ವಾಪಸ್ ಕೇಳಿದ್ರೆ ಅರ್ಧ ತೋರಿಸಿದೀವಲ್ಲ ಮೇಡಂ ಅಂದ್ರು.

ಬೋರ್ಡೆಲ್ಲಾ ಇಂಗ್ಲಿಷಲ್ಲಿತ್ತು, ಸರ್ಕಾರಿ ಸ್ಕೂಲಿನ ಮಕ್ಳು ಎಷ್ಟೊಂದು ಬಂದಿದ್ರು, ಪಾಪ. ಬಾಗಿಲ ಹತ್ರ ಕಿಟ್ ಮಾರಾಟ ಇತ್ತು, ಪ್ಲಾಸ್ಟಿಕ್ ಸಾಮಾನು, ತಗೋಬೇಡಿ. 5ಕ್ಕೆ ಮೂರೂವರೆ ಕೊಡ್ತೀನಿ, ವಿಷಲ್ ಕಿತ್ಕೊಂಡು ಹತ್ತು ಟೇಬಲ್ ಬದಲು ಐದೇ ಇಟ್ರೆ ನಾಲ್ಕೂವರೆ. ಮತ್ತೆ ಬಂದ್ರೆ ಹೋಗ್ತೀವಾ ಅಂದ್ರೆ ಹೋಗ್ತೀವಿ, ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ, ಹನ್ನೊಂದರ ಮೇಲೆ ನೂಕುನುಗ್ಗಲು. ಅತ್ತೆ ಮಾತ್ರೆ ಮರೆತು ಬಂದ್ವಿ, ಮಾರನೇ ದಿನ ಮತ್ತೆ ಹೋಗ್ಬೇಕಾಯ್ತು.

ಮನೆಗೆ ತಂದಿದ್ದರಲ್ಲಿ ಇನ್ನೂ ನಡೀತಿರೋದು ಒಂದೇ, ಬಾಟ್ಲಿ ಮಳೆಮಾಪಕ. ನೆಟ್ಟಗಿರೋ ಬಾಟ್ಲಿ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸೋದು, ಬುಡ ಉಬ್ಬುತಗ್ಗು ಇರತ್ತಲ್ಲ ಅದಕ್ಕೆ ಕಲ್ಲು ಹಾಕಿ ಗೆರೆ ತನಕ ನೀರು ತುಂಬಿಸಿ ಅಲ್ಲಿಂದ ಸೊನ್ನೆ ಅಂತ ಸ್ಕೇಲ್ ಅಂಟಿಸೋದು. ಎಕರೆಗೆ ಒಂದಿಂಚು ಮಳೆ ಅಂದ್ರೆ ಒಂದು ಲಕ್ಷ ಲೀಟರಿಗೂ ಜಾಸ್ತಿ ನೀರು ಅಂತ ಅಲ್ಲೇ ಲೆಕ್ಕ ಮಾಡ್ಸಿದ್ರು, ಸ್ಪ್ರಿಂಕ್ಲರ್ ಡೀಸೆಲ್ ಬಿಲ್ ನೋಡಿದೋರಿಗೆ ಆ ಲಕ್ಷ ಏನು ಅಂತ ಗೊತ್ತು. ಮಾವನ ಹತ್ರ ತಾಮ್ರದ ಹಳೇ ಮಾಪಕ ಇದೆ, ಡೈರೀಲಿ ದಿನಾ ಇಂಚು ಸೆಂಟ್ಸು (ಇಂಚಿನ ನೂರನೇ ಒಂದು ಭಾಗ) ಬರೀತಾರೆ. ಮೊನ್ನೆ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಂತಲ್ಲ, ಮಾವಂದು 85 ಸೆಂಟ್ಸ್, ಮಗಳದು 70. ಬೆಳಿಗ್ಗೆ ಕಾಫಿ ಕುಡಿಯೋ ತನಕ ಜಗಳ, ತಾತಂದು ತುಕ್ಕು ಹಿಡಿದಿದೆ ಅಂತ ಇವಳು, ತಾಮ್ರಕ್ಕೆ ತುಕ್ಕು ಹಿಡಿಯಲ್ಲ ಅಂತ ಅವರು. ಕೊನೆಗೆ ಅಂಗಳಕ್ಕೆ ಹೋಗಿ ನೋಡಿದ್ರೆ ಇವಳ ಬಾಟ್ಲಿ ಸಿಲ್ವರ್ ಓಕ್ ಕೊಂಬೆ ಕೆಳಗೆ ಇತ್ತು. ಎತ್ಕೊಂಡು ಹೋಗಿ ಕಣದ ಮಧ್ಯ ಇಟ್ಟಿದಾಳೆ, ಈಗ ಕಾಫಿ ಹರಡೋ ಆಳುಗಳಿಗೆಲ್ಲಾ ಅದನ್ನ ಒದೀಬೇಡಿ ಅಂತ ಕಾವಲು ಕಾಯ್ತಾ ಇದಾಳೆ.