ಒಂದೇ ಪಟ್ಟಿಯ ಹಾರ್ನೆಸ್, ಮೂರು ದಪ್ಪದ ವೆಟ್‌ಸೂಟ್: ಏಳು ವರ್ಷದ ಬಳಕೆಯ ನಂತರ

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕಡಲ ನೀರಿನ ಉಷ್ಣಾಂಶ ವರ್ಷದ ಹೆಚ್ಚಿನ ದಿನಗಳಲ್ಲಿ 10ರಿಂದ 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಡಿಸೆಂಬರಿನಲ್ಲೂ 27ರ ಆಸುಪಾಸು. ಉದ್ಯೋಗ ಅಲ್ಲಿ, ಊರು ಇಲ್ಲಿ ಆಗಿರುವ ನಾನು ವರ್ಷದ ಹತ್ತು ತಿಂಗಳು 7 ಮಿ.ಮೀ. ದಪ್ಪದ ವೆಟ್‌ಸೂಟಿನಲ್ಲಿಯೂ (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪು), ರಜೆಗೆ ಬಂದಾಗ 3 ಮಿ.ಮೀ. ಸೂಟಿನಲ್ಲಿಯೂ, ಬೇಸಿಗೆಯ ಕೊನೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪಕ್ಕೆ ಹೋದಾಗ 5 ಮಿ.ಮೀ. ಸೂಟಿನಲ್ಲಿಯೂ ಸ್ಕೂಬಾ ಡೈವಿಂಗಿಗೆ ಇಳಿಯುತ್ತೇನೆ. ಮೂರಕ್ಕೂ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಒಂದೇ ಹಾರ್ನೆಸಿನಿಂದ: 2017ರಲ್ಲಿ ಕೊಂಡ, ಉಕ್ಕಿನ ಬ್ಯಾಕ್‌ಪ್ಲೇಟಿಗೆ (ಬೆನ್ನಿಗೂ ಸಿಲಿಂಡರಿಗೂ ನಡುವಿನ ಫಲಕ) ಪೋಣಿಸಿದ, ಎರಡು ಅಂಗುಲ ಅಗಲದ ಒಂದೇ ಅಖಂಡ ನೈಲಾನ್ ಪಟ್ಟಿ. ಫ್ಲಾರಿಡಾದ ಗುಹಾ ಡೈವರ್ ವಿಲಿಯಂ ಹೊಗಾರ್ತ್ ಮೇನ್ ಅವರ ಹೆಸರಿನಿಂದ ‘ಹೊಗಾರ್ತಿಯನ್’ ಎಂದು ಕರೆಯಲಾಗುವ ಈ ಜೋಡಣೆ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಆದ್ದರಿಂದ ಈ ವಿಮರ್ಶೆಯೂ ಒಂದು ಬ್ರ್ಯಾಂಡಿನದಲ್ಲ, ಜೋಡಣೆಯದು.

ಕೊಳ್ಳುವಾಗ ಅಂಗಡಿಯವರು ನನಗೆ ಭುಜದಲ್ಲಿ ಕ್ಲಿಪ್ ಇರುವ, ಎಳೆದರೆ ಬಿಗಿಯಾಗಿ ಎತ್ತಿದರೆ ಸಡಿಲವಾಗುವ ಮಾದರಿಯನ್ನೇ ಶಿಫಾರಸು ಮಾಡಿದ್ದರು. ಸೂಟು ಬದಲಿಸುವವರಿಗೆ ಅದೇ ಸರಿ ಎಂಬುದು ಸಾಮಾನ್ಯ ಅಭಿಪ್ರಾಯ, ಮತ್ತು ಮೊದಲ ವರ್ಷವೆಲ್ಲ ಅವರ ಮಾತನ್ನು ಕೇಳಬೇಕಿತ್ತು ಎಂದು ನನಗೂ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆದರೆ ಆ ಅಭಿಪ್ರಾಯಕ್ಕೆ ಬರುವ ಮೊದಲು ನಾನು ಒಂದು ಪಟ್ಟಿಯನ್ನು ಪೂರ್ತಿಯಾಗಿ ಹಾಳುಮಾಡಿಕೊಂಡೆ.

ತಪ್ಪಾದದ್ದು ಹೀಗೆ. ಹೊಸ ಪಟ್ಟಿಯನ್ನು 3 ಮಿ.ಮೀ. ಸೂಟು ತೊಟ್ಟು ಅಂಗಡಿಯಲ್ಲೇ ಹೊಂದಿಸಿದೆವು, ಸೊಂಟದ ಬಕಲಿನಿಂದಾಚೆಗೆ ಜೋತಾಡುತ್ತಿದ್ದ ಉದ್ದವನ್ನು ಕತ್ತರಿಸಿ, ತುದಿಯನ್ನು ಲೈಟರಿನಿಂದ ಕರಗಿಸಿ ಮುಚ್ಚಿದೆವು. ಮುಂದಿನ ವಾರ ಮಾಂಟೆರೆಯ ಸ್ಯಾನ್ ಕಾರ್ಲೋಸ್ ಬೀಚಿನಲ್ಲಿ ದಪ್ಪ ಸೂಟು ತೊಟ್ಟು ಭುಜದ ಪಟ್ಟಿಯನ್ನು ಸಡಿಲಿಸಿದಾಗ ಸೊಂಟದ ಪಟ್ಟಿ ಬಕಲನ್ನೇ ಮುಟ್ಟಲಿಲ್ಲ. ಕಾರಣ ಸರಳವಾದರೂ ಕೈಯಲ್ಲಿ ಹಿಡಿದು ನೋಡುವವರೆಗೆ ಹೊಳೆಯುವಂಥದ್ದಲ್ಲ. ಪಟ್ಟಿ ಪ್ಲೇಟಿನ ಮೇಲಂಚಿನಿಂದ ಹೊರಟು, ಭುಜದ ಮೇಲೆ ಹಾಯ್ದು, ಕಂಕುಳಿನಡಿ ಹಿಂದಕ್ಕೆ ಹೋಗಿ, ಪ್ಲೇಟಿನ ಕೆಳಗಿನ ಸೀಳಿನಲ್ಲಿ ತೂರಿ, ಅಲ್ಲಿಂದ ಸೊಂಟದ ಪಟ್ಟಿಯಾಗಿ ಮುಂದಕ್ಕೆ ಬರುತ್ತದೆ. ಭುಜಕ್ಕೆ ಕೊಟ್ಟ ಪ್ರತಿ ಸೆಂಟಿಮೀಟರನ್ನೂ ಅದು ಸೊಂಟದಿಂದ ಕಸಿದುಕೊಂಡೇ ಕೊಡುತ್ತದೆ, ಅದೂ ಸೊಂಟಕ್ಕೆ ಹೆಚ್ಚು ಉದ್ದ ಬೇಕಾದ ಹೊತ್ತಿನಲ್ಲಿಯೇ.

ಲೆಕ್ಕವನ್ನು ಮನೆಯಲ್ಲಿ ಕುಳಿತು ಮಾಡಿದೆ. ನನ್ನ ದಪ್ಪ ಸೂಟು ಎರಡು ತುಂಡಿನದು: ತೋಳಿಲ್ಲದ ಒಳಸೂಟು, ಅದರ ಮೇಲೆ ಜಾಕೆಟ್. ಹಾಗಾಗಿ ಮುಂಡದ ಸುತ್ತ ರಬ್ಬರಿನ ದಪ್ಪ 7 ಅಲ್ಲ, 14 ಮಿ.ಮೀ. ತೆಳು ಸೂಟಿಗೂ ಇದಕ್ಕೂ 11 ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ಅದು 2π ಪಟ್ಟು, ಎಂದರೆ ಸುಮಾರು 7 ಸೆಂ.ಮೀ. ಭುಜಕ್ಕೆ ಪ್ರತಿ ಬದಿಯಲ್ಲಿ ನನಗೆ ಬೇಕಾದದ್ದು 4.5 ಸೆಂ.ಮೀ., ಎರಡು ಬದಿ ಸೇರಿ 9. ಒಟ್ಟು 16 ಸೆಂ.ಮೀ. ಪಟ್ಟಿ ತೆಳು ಸೂಟಿನ ಅಳತೆಯಲ್ಲಿ ಹೆಚ್ಚುವರಿಯಾಗಿ ಉಳಿದಿರಬೇಕು, ಮತ್ತು ಅದರಲ್ಲಿ ಒಂದು ಪಾಲು ಬಕಲ್ ಕೂತಿರುವ ಬದಿಯಲ್ಲಿಯೂ ಇರಬೇಕು. ಇಲ್ಲವಾದರೆ ಬಕಲ್ ಹೊಟ್ಟೆಯ ಮುಂದಿನಿಂದ ಪಕ್ಕೆಯತ್ತ ಸರಿದುಹೋಗುತ್ತದೆ. ಸಿಲಿಂಡರಿನ ಒತ್ತಡದ ಮೀಟರನ್ನು ಸಿಕ್ಕಿಸುವ ಎಡಸೊಂಟದ ಡಿ-ರಿಂಗಿನದೂ ಇದೇ ಕಥೆ. ಪಟ್ಟಿಯೊಂದಿಗೆ ಅದೂ ಬೆನ್ನ ಕಡೆಗೆ ಸರಿಯುತ್ತದೆ, ಮತ್ತು 5 ಮಿ.ಮೀ. ಕೈಗವಸು ತೊಟ್ಟ ಬೆರಳುಗಳು ಅದನ್ನು ಹುಡುಕುತ್ತ ಹಿಂದೆ ಹಿಂದೆ ಹೋಗುತ್ತವೆ. ಈ ರಿಂಗನ್ನು ಸೂಟು ಬದಲಿಸಿದಾಗಲೆಲ್ಲ ಮುಂದಕ್ಕೆ ತರುವುದೇ ನನ್ನ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ. ರಿಂಗನ್ನು ಪಟ್ಟಿಯ ಮೇಲೆ ಹಿಡಿದಿಡುವ ಟ್ರೈಗ್ಲೈಡ್ ಎಂಬ ಉಕ್ಕಿನ ಬಿಲ್ಲೆ ಒದ್ದೆ ನೈಲಾನಿನ ಮೇಲೆ ಸುಲಭವಾಗಿ ಜಾರುವುದಿಲ್ಲ, ಜಾರಬಾರದೆಂದೇ ಅದನ್ನು ಮಾಡಿರುವುದು.

ಎರಡನೆಯ ಪಟ್ಟಿಯನ್ನು ಉದ್ದವಾಗಿಯೇ ಬಿಟ್ಟೆ. ಆಗ ಬೇರೊಂದು ಸಮಸ್ಯೆ ಎದುರಾಯಿತು: ತೆಳು ಸೂಟಿನಲ್ಲಿ ಒಂದು ಗೇಣು ಬಾಲ ಉಳಿಯುತ್ತದೆ. ನೇತ್ರಾಣಿಯಲ್ಲಿ ಅದು ಬರೀ ಅಸಹ್ಯ, ಅಷ್ಟೇ. ಆದರೆ 5 ಮಿ.ಮೀ. ಸೂಟಿನ ಅಳತೆಯಲ್ಲಿಯೂ ಅರ್ಧ ಗೇಣು ಉಳಿಯುವುದರಿಂದ, ಕ್ಯಾಟಲೀನಾದ ಕೆಲ್ಪ್ ಕಾಡಿನಲ್ಲಿ, ಮರದುದ್ದ ಬೆಳೆದ ಪಾಚಿಯ ದಂಟುಗಳ ನಡುವೆ, ಜೋತಾಡುವ ಯಾವ ತುದಿಯೂ ಕೊಕ್ಕೆಯಾಗುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ರಬ್ಬರ್ ಬಳೆಗಳಲ್ಲಿ ಬಾಲವನ್ನು ಮಡಚಿ ತೂರಿಸಿದ ಮೇಲೆ ಆ ತೊಂದರೆ ತಪ್ಪಿತು. ಏಳು ವರ್ಷದಲ್ಲಿ ಈ ಹಾರ್ನೆಸ್‌ಗೆ ನಾನು ಹಾಕಿದ ಅತ್ಯಂತ ಅಗ್ಗದ ಬಿಡಿಭಾಗ ಇದೇ.

ಅಳತೆಯನ್ನು ಪ್ರತಿ ಸಲ ಹೊಸದಾಗಿ ಹುಡುಕದಿರಲು ಪಟ್ಟಿಯ ಅಂಚಿನಲ್ಲಿ ದಪ್ಪ ನೂಲಿನ ಹೊಲಿಗೆ ಹಾಕಿದ್ದೇನೆ: ಕೆಂಪು 3ಕ್ಕೆ, ಹಳದಿ 5ಕ್ಕೆ, ಬಿಳಿ ದಪ್ಪ ಸೂಟಿಗೆ. ಕೆಳಗಿನ ಸೀಳಿನಲ್ಲಿ ಆ ನೂಲು ಕಾಣುವವರೆಗೆ ಎಳೆದರೆ ಭುಜದ ಕೆಲಸ ಮುಗಿಯಿತು. ಮಾರ್ಕರ್ ಪೆನ್ನಿನ ಗೆರೆ ಉಪ್ಪುನೀರಿಗೂ ಬಿಸಿಲಿಗೂ ಒಂದು ಋತು ಸಹ ತಾಳಲಿಲ್ಲ. ನೂಲು ಕತ್ತಲೆಯಲ್ಲಿ ಬೆರಳಿಗೂ ಸಿಗುತ್ತದೆ. ಪೂರ್ತಿ ಬದಲಾವಣೆಗೆ ಈಗ ಹತ್ತು ನಿಮಿಷ ಸಾಕು, ಅದನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳುತ್ತೇನೆ.

ಆದರೆ ಆ ನೂಲನ್ನು ಎಲ್ಲಿ ಹೊಲಿಯಬೇಕೆಂದು ತಿಳಿಯಲು ಎರಡು ವರ್ಷ ಹಿಡಿಯಿತು, ಏಕೆಂದರೆ ನಾನು ಅಳತೆಯನ್ನು ದಡದಲ್ಲಿ ನಿಂತು ನೋಡುತ್ತಿದ್ದೆ. ನಿಂತಾಗ ಸಿಲಿಂಡರಿನ ಭಾರವೆಲ್ಲ ಭುಜಕ್ಕೆ ಜೋತು ಪ್ಲೇಟು ಕೆಳಕ್ಕಿಳಿಯುತ್ತದೆ, ಸಡಿಲವಾಯಿತೆಂದು ಬಿಗಿದುಕೊಳ್ಳುತ್ತೇವೆ. ಹಾಗೆ ಬಿಗಿದುಕೊಂಡ ದಿನ ನೀರಿನಲ್ಲಿ ಕೈಯನ್ನು ತಲೆಯ ಹಿಂದಕ್ಕೊಯ್ದು ಸಿಲಿಂಡರಿನ ವಾಲ್ವನ್ನು ಮುಟ್ಟಲು ನನಗೆ ಸಾಧ್ಯವಾಗಲಿಲ್ಲ. ದಪ್ಪ ರಬ್ಬರಿನ ತೋಳು ಮೊದಲೇ ಮಡಚುವುದಿಲ್ಲ, ಅದರ ಮೇಲೆ ಪಟ್ಟಿಯೂ ಭುಜವನ್ನು ಕಟ್ಟಿಹಾಕಿತ್ತು. ನೀರಿನಲ್ಲಿ ಮಲಗಿದ ಭಂಗಿಗೆ ಬಂದಾಗ ಭುಜದ ಮೇಲೆ ಭಾರವೇ ಇರುವುದಿಲ್ಲ. ಅಲ್ಲಿ ಪಟ್ಟಿಯಡಿ ಮೂರು ಬೆರಳು ಆರಾಮವಾಗಿ ಹೋಗಬೇಕು, ವಾಲ್ವು ಎರಡೂ ಕೈಗೆ ಎಟುಕಬೇಕು. ಅಷ್ಟು ಸಡಿಲ ಬಿಟ್ಟಾಗ ಇಡೀ ಹಾರ್ನೆಸ್ ತಲೆಯ ಕಡೆಗೆ ಜಾರದಂತೆ ಹಿಡಿಯುವುದು ಕಾಲುಗಳ ನಡುವೆ ಹಾಯ್ದು ಬರುವ ಪಟ್ಟಿ. ನಾನು ಅದನ್ನು ಕಚ್ಚೆಪಟ್ಟಿ ಎಂದೇ ಕರೆಯುತ್ತೇನೆ. ಅಜ್ಜನ ಕಚ್ಚೆಯ ಕೆಲಸವನ್ನೇ ಅದು ಮಾಡುವುದು. ದಪ್ಪ ಸೂಟಿಗೆ ಅದನ್ನು 3 ಸೆಂ.ಮೀ. ಉದ್ದ ಮಾಡದೆ ಹೋದರೆ ಬಗ್ಗಿ ಈಜುಪಾದ ಹಾಕಿಕೊಳ್ಳುವುದೇ ಕಷ್ಟ. ಅದಕ್ಕಿಂತ ಹೆಚ್ಚು ಬಿಟ್ಟರೆ ಸಿಲಿಂಡರಿನ ವಾಲ್ವಿಗೆ ಕೂಡಿಸಿದ, ಗಾಳಿಯ ಒತ್ತಡ ಇಳಿಸುವ ರೆಗ್ಯುಲೇಟರಿನ ಮೊದಲ ಹಂತ ತಲೆಯ ಹಿಂಬದಿಗೆ ಬಡಿಯುತ್ತದೆ.

ದಪ್ಪ ಸೂಟು ಆಳಕ್ಕಿಳಿದಂತೆ ದಪ್ಪವಾಗಿ ಉಳಿಯುವುದಿಲ್ಲ ಎಂಬುದು ಇನ್ನೊಂದು ಸಂಗತಿ. 10 ಮೀಟರಿನಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗಿ ಸೂಟಿನ ರಬ್ಬರಾದ ನಿಯೋಪ್ರೀನಿನೊಳಗಿನ ಅನಿಲದ ಗುಳ್ಳೆಗಳು ಅರ್ಧಕ್ಕೆ ಕುಗ್ಗುತ್ತವೆ, 30 ಮೀಟರಿನಲ್ಲಿ ಕಾಲು ಭಾಗಕ್ಕೆ. ದಡದಲ್ಲಿ ಬಿಗಿಯಾಗಿದ್ದ ಸೊಂಟದ ಪಟ್ಟಿ ಅಲ್ಲಿ ಜಾರಾಡುತ್ತದೆ. ಭುಜಕ್ಕೆ ಇದರಿಂದ ಏನೂ ಆಗದು. ಸೊಂಟಕ್ಕೆ ಮಾತ್ರ, ಹತ್ತು ಮೀಟರ್ ದಾಟಿದ ಮೇಲೆ ಒಮ್ಮೆ ಬಕಲಿನ ನಾಲಗೆಯನ್ನು ತುಸುವೇ ಎತ್ತಿ ಬಾಲವನ್ನು ಎಳೆದುಕೊಳ್ಳುತ್ತೇನೆ. ಪೂರ್ತಿ ತೆರೆದರೆ ಕಚ್ಚೆಪಟ್ಟಿಯ ಕುಣಿಕೆ ಕಳಚಿಬೀಳುತ್ತದೆ. ಮೇಲೇರುವಾಗ ರಬ್ಬರು ಮತ್ತೆ ಉಬ್ಬುವುದರಿಂದ ಹೊಟ್ಟೆ ಬಿಗಿದುಕೊಳ್ಳುತ್ತದೆ. ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮಾಡುವ ನಿಲುಗಡೆಯ ಮೂರು ನಿಮಿಷದಲ್ಲಿ ಅದನ್ನು ಮರಳಿ ಸಡಿಲಿಸಲು ಬೇಕಾದಷ್ಟು ಸಮಯವಿದೆ.

ಇಷ್ಟರ ಮೇಲೂ ಕ್ಲಿಪ್ ಇಲ್ಲದ್ದಕ್ಕೆ ತೆರಬೇಕಾದ ಬೆಲೆ ಒಂದಿದೆ: ಬಿಚ್ಚುವುದು. ನೇತ್ರಾಣಿಯ ದೋಣಿಗಳಲ್ಲಿ ನೀರಿನಲ್ಲೇ ಸಿಲಿಂಡರ್ ಕಳಚಿ ಮೇಲಿನವರ ಕೈಗೆ ಕೊಟ್ಟು ಏಣಿ ಹತ್ತುವ ರೂಢಿ. ಮೊದಲ ಸಲ ದೋಣಿಯ ಹುಡುಗ ನನ್ನ ಭುಜದ ಪಟ್ಟಿಯ ಉದ್ದಕ್ಕೂ ತಡಕಾಡಿ, “ಕ್ಲಿಪ್ ಎಲ್ಲಿ ಉಂಟು ಸರ್?” ಎಂದು ಕೇಳಿದ. ಇಲ್ಲವೆಂದಾಗ ಅವನು ನೋಡಿದ ನೋಟದಲ್ಲಿ, ಕ್ಲಿಪ್ ಇರುವ ಬಾಡಿಗೆಯ ಡೈವಿಂಗ್ ಜಾಕೆಟ್ ತೊಟ್ಟು ಬರಬಾರದಿತ್ತೇ ಎಂಬ ಪ್ರಶ್ನೆ ಸ್ಪಷ್ಟವಾಗಿತ್ತು. ತೆಳು ಸೂಟಿನಲ್ಲಿ ಬಕಲ್ ತೆರೆದು ಎಡಮೊಣಕೈ ಮಡಚಿ ಹೊರಗೆಳೆದರೆ ಕ್ಷಣದಲ್ಲಿ ಆಗುತ್ತದೆ. ದಪ್ಪ ಸೂಟಿನಲ್ಲಿ, ಬಿಳಿ ನೂಲಿನ ಸರಿಯಾದ ಅಳತೆಯಲ್ಲಿಯೂ, ಅಲೆಯಿದ್ದರೆ ಜೊತೆಗಾರ ಬೇಕು. ಭುಜಕ್ಕೆ ಗಾಯವಾಗಿರುವವರಿಗೆ ಈ ಹಾರ್ನೆಸನ್ನು ನಾನು ಹೇಳುವುದಿಲ್ಲ.

ತೇಲಿಸುವ ಸೂಟು ತೊಟ್ಟು ಮುಳುಗಲು ಕಟ್ಟಿಕೊಳ್ಳಬೇಕಾದ ತೂಕದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನನ್ನ ಪ್ಲೇಟು ಅಡುಗೆಮನೆಯ ತಕ್ಕಡಿಯಲ್ಲಿ 2.7 ಕೆ.ಜಿ.; ನೇತ್ರಾಣಿಯಲ್ಲಿ ಅದರ ಜೊತೆಗೆ 2 ಕೆ.ಜಿ. ಸಾಕಾದರೆ, ಮಾಂಟೆರೆಯಲ್ಲಿ ಉಕ್ಕಿನ ಸಿಲಿಂಡರ್ ಇದ್ದರೂ 8 ಬೇಕು. ಆ ಎಂಟನ್ನೂ ಹಾರ್ನೆಸಿನ ಸೊಂಟಪಟ್ಟಿಗೆ ಪೋಣಿಸಿದರೆ ಮೇಲೆ ಹೇಳಿದ 16 ಸೆಂ.ಮೀ. ಲೆಕ್ಕ ಕೆಡುವುದರಿಂದ ತೂಕಕ್ಕೆ ಬೇರೆಯೇ ಬೆಲ್ಟ್ ಇಟ್ಟುಕೊಂಡಿದ್ದೇನೆ.

ಬಾಳಿಕೆಗೆ ದೂರಿಲ್ಲ. ಪ್ಲೇಟಿನ ಕೆಳಸೀಳಿನ ಅಂಚು ತುಸು ಹರಿತವಾಗಿದ್ದು, ಪಟ್ಟಿಯನ್ನು ಆಗಾಗ ಎಳೆದಾಡುವ ನನ್ನಂಥವನಲ್ಲಿ ಅಲ್ಲಿ ಎಳೆಗಳು ಏಳತೊಡಗಿದ್ದವು. ನಾಲ್ಕನೆಯ ವರ್ಷ ಅರದಿಂದ ಅಂಚನ್ನು ಉಜ್ಜಿ ನಯಗೊಳಿಸಿ ಮೂರನೆಯ ಪಟ್ಟಿ ಹಾಕಿದೆ. ನೂಲುಗಳನ್ನು ಹಳೆಯ ಪಟ್ಟಿಯಿಂದ ಅಳೆದು ಹೊಸದಕ್ಕೆ ದಾಟಿಸುವಾಗ ಒಂದು ಬದಲಾವಣೆ ಕಂಡುಬಂತು. ಕೆಂಪು ಇದ್ದಲ್ಲೇ ಇತ್ತು, ಆದರೆ ಬಿಳಿ ನೂಲಿನ ಅಳತೆಯಲ್ಲಿ ಭುಜ ಈಗ ಸಡಿಲವೆನಿಸುತ್ತಿತ್ತು. ಹಾರ್ನೆಸ್ ಹಿಗ್ಗಿರಲಿಲ್ಲ, ನೂರಾರು ಸಲ ಆಳದಲ್ಲಿ ಅದುಮಿಸಿಕೊಂಡ ಸೂಟೇ ಕಾಯಂ ಆಗಿ ತೆಳುವಾಗಿತ್ತು. ಬಿಳಿ ನೂಲನ್ನು 1 ಸೆಂ.ಮೀ. ಕೆಂಪಿನ ಕಡೆಗೆ ಸರಿಸಿ ಹೊಲಿದಿದ್ದೇನೆ. ಹೊಸ ಸೂಟು ಕೊಂಡ ದಿನ ಅದನ್ನು ಬಿಚ್ಚಿ ಮತ್ತೆ ಹಳೆಯ ಜಾಗಕ್ಕೆ ಹೊಲಿಯಬೇಕಾದೀತು.